ಹ್ಯಾಮರ್ ಟೆಸ್ಟ್ ಮಾಡಿದವನ ಹೆಸರು ಮೂರನೆಯದಾದರೆ ಅವನ ಪಾಲು ಎಷ್ಟು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಎಂಡ್ ಮಿಲ್ಲಿಂಗ್‌ನಲ್ಲಿ (ತಿರುಗುವ ಹಲ್ಲಿನ ಕಟ್ಟರ್ ಲೋಹ ಕತ್ತರಿಸುವಾಗ) ಬರುವ ಚಾಟರ್, ಅಂದರೆ ತಾನಾಗಿ ಬೆಳೆಯುವ ಅದುರಾಟದ ಕುರಿತು ನಾಲ್ವರ ಹೆಸರಿನ ಒಂದು ಪೇಪರ್ ಜರ್ನಲ್‌ಗೆ ಹೊರಟಿದೆ. ಹ್ಯಾಮರ್ ಟೆಸ್ಟ್ (ಟೂಲ್ ಅನ್ನು ಸುತ್ತಿಗೆಯಿಂದ ತಟ್ಟಿ ಅದು ಹೇಗೆ ಅದುರುತ್ತದೆ ಎಂದು ಅಳೆಯುವುದು), ಕಟಿಂಗ್ ಪ್ರಯೋಗ ಎಲ್ಲ ನಿಮ್ಮದು. ಹೆಸರು ಮಾತ್ರ ಮೂರನೆಯದು. "ಅಳತೆ ತೆಗೆದುಕೊಟ್ಟವನಿಗೆ ಮೂರನೇ ಜಾಗವೇ ಜಾಸ್ತಿ" ಎಂದು ಲ್ಯಾಬ್‌ನಲ್ಲಿ ಯಾರೋ ಅಂದರಂತೆ. ನಿಮ್ಮ ಪಾಲು ನಿಜಕ್ಕೂ ಎಷ್ಟು, ಅದನ್ನು ಅಳೆಯಲು ಲೆಕ್ಕವೇನಾದರೂ ಇದೆಯೇ ಎಂದು ಕೇಳಿದ್ದೀರಿ.

ಲೆಕ್ಕ ಇದೆ, ಒಂದಲ್ಲ ಹಲವಾರು. ಯಾವುದೂ ನೀವು ಕೇಳುತ್ತಿರುವುದನ್ನು ಅಳೆಯುವುದಿಲ್ಲ, ಅಷ್ಟೆ. ನಾನೂ ಇದೇ ಚಾಟರ್ ಜೊತೆ ಗುದ್ದಾಡುವವನು, ಹಾಗಾಗಿ ಯಂತ್ರದಿಂದಲೇ ಶುರು ಮಾಡುತ್ತೇನೆ. "ಅಳತೆ ತೆಗೆದುಕೊಡುವುದು" ಎಂಬ ಮಾತು ಎಷ್ಟು ಹಗುರ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈ ವಿಷಯ ಹೊಸದಾಗಿರುವ ಓದುಗರಿಗಾಗಿ ಎರಡು ಮಾತು. ಕಟ್ಟರ್‌ನ ಒಂದು ಹಲ್ಲು ಲೋಹವನ್ನು ಕತ್ತರಿಸಿಕೊಂಡು ಹೋಗುವಾಗ ಟೂಲ್ ಕೊಂಚ ಅದುರಿದರೂ ಮೇಲ್ಮೈಯಲ್ಲಿ ಅಲೆ ಉಳಿಯುತ್ತದೆ. ಹಿಂದೆಯೇ ಬರುವ ಹಲ್ಲು ಆ ಅಲೆಯನ್ನು ಕತ್ತರಿಸಬೇಕು, ಅದೂ ತಾನೂ ಅದುರುತ್ತಲೇ. ಹಳೆಯ ಅಲೆ, ಹೊಸ ಅಲೆ ಎರಡೂ ಹೊಂದಿಕೊಂಡರೆ ಚಿಪ್ ದಪ್ಪದಲ್ಲಿ ಏರುಪೇರಿಲ್ಲ. ಹೊಂದದಿದ್ದರೆ ಚಿಪ್ ಒಮ್ಮೆ ದಪ್ಪ ಒಮ್ಮೆ ತೆಳು, ಬಲವೂ ಹಾಗೇ ಏರಿ ಇಳಿಯುತ್ತದೆ, ಅದರಿಂದ ಅದುರು ಇನ್ನೂ ಹೆಚ್ಚುತ್ತದೆ. ಮಣ್ಣುರಸ್ತೆಯಲ್ಲಿ ಗಾಡಿಗಳು ಓಡಿ ಓಡಿ ಅಡ್ಡಗೆರೆ ಏಳುವುದು, ಆ ಗೆರೆಗಳೇ ಮುಂದಿನ ಗಾಡಿಯನ್ನು ಕುಲುಕಿಸಿ ಇನ್ನಷ್ಟು ಆಳವಾಗುವುದು ಇದೇ ಜಾತಿಯದ್ದು. ಇದಕ್ಕೆ ರೀಜನರೇಟಿವ್ ಚಾಟರ್ ಎನ್ನುತ್ತಾರೆ. ಕಿವಿ ಮುಚ್ಚಿಕೊಳ್ಳುವಂಥ ಕೂಗು, ಮೇಲ್ಮೈ ತುಂಬ ಗೀರು, ಕೈಕೊಟ್ಟರೆ ಕಾರ್ಬೈಡ್ ಅಂಚೇ ಸಿಡಿಯುತ್ತದೆ.

ಹಲ್ಲುಗಳು ಬಂದು ಬಡಿಯುವ ಲಯ ಟೂಲ್‌ನ ಸಹಜ ಆವೃತ್ತಿಗೆ (ತಟ್ಟಿದರೆ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೋ ಅದಕ್ಕೆ) ಕೂಡಿಬಂದರೆ ಅಲೆಗಳು ಹೊಂದಿಕೊಳ್ಳುತ್ತವೆ. ನಾಲ್ಕು ಹಲ್ಲಿನ ಕಟ್ಟರ್, ಸಹಜ ಆವೃತ್ತಿ 800 ಹರ್ಟ್ಜ್ ಎಂದುಕೊಳ್ಳಿ. 800ನ್ನು 60ರಿಂದ ಗುಣಿಸಿ 4ರಿಂದ ಭಾಗಿಸಿದರೆ 12,000 ಆರ್‌ಪಿಎಂ. ಅದರ ಆಸುಪಾಸಿನಲ್ಲಿ ಕಟ್‌ನ ಆಳ ಧಾರಾಳವಾಗಿ ಹೆಚ್ಚಿಸಬಹುದು. 6,000ದಲ್ಲಿ, 4,000ದಲ್ಲಿ ಇನ್ನೂ ಚಿಕ್ಕ ಕಿಟಕಿಗಳು ಸಿಗುತ್ತವೆ. (ಅನುರಣನದಿಂದ ದೂರ ಇರು ಎಂದು ಓದಿಕೊಂಡು ಬಂದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಬಲವಂತದ ಕಂಪನ ಅಲ್ಲಿ ಜಾಸ್ತಿಯೇ ಇರುತ್ತದೆ, ಆಯಾಮದಲ್ಲಿ ತಪ್ಪೂ ಬರಬಹುದು. ಆದರೆ ಅದು ತನ್ನನ್ನು ತಾನೇ ಬೆಳೆಸಿಕೊಂಡು ಹೋಗುವುದಿಲ್ಲ.) ಆರ್‌ಪಿಎಂ ಒಂದು ಕಡೆ, ಆಳ ಇನ್ನೊಂದು ಕಡೆ ಇಟ್ಟು ಬಿಡಿಸಿದ ನಕ್ಷೆಯೇ ಸ್ಟೆಬಿಲಿಟಿ ಲೋಬ್ ಡಯಾಗ್ರಾಮ್; ಅದರಲ್ಲಿನ ಬಾಗಿದ ಗಡಿಗೆರೆಗಳೇ ಲೋಬ್‌ಗಳು.

ಆ 800 ಬಂದದ್ದು ನಿಮ್ಮ ಹ್ಯಾಮರ್‌ನಿಂದ. ಟೂಲ್ ತುದಿಗೆ ಮೇಣ ಹಚ್ಚಿ ಅಕ್ಸೆಲೆರೋಮೀಟರ್ (ಅದುರು ಅಳೆಯುವ ಸೆನ್ಸರ್) ಅಂಟಿಸಿ, ಎದುರು ಬದಿಯಿಂದ ಹ್ಯಾಮರ್‌ನಲ್ಲಿ ತಟ್ಟುವುದು. ಕೇಳಲು ಇಷ್ಟೇ. ಟೂಲ್ ಸಣ್ಣದಿದ್ದರೆ ಸೆನ್ಸರ್‌ನ ತೂಕವೇ ಅದಕ್ಕೆ ಹೊರೆಯಾಗಿ ಆವೃತ್ತಿ ಇಳಿದು ಕಾಣುತ್ತದೆ. ಶೇಕಡಾ 5 ಇಳಿದರೂ 800 ಇದ್ದದ್ದು 760 ಆಗುತ್ತದೆ, 12,000 ಆರ್‌ಪಿಎಂ 11,400 ಆಗುತ್ತದೆ. ಕಿಟಕಿ ಕಿರಿದಾಗಿದ್ದರೆ 600 ಆರ್‌ಪಿಎಂ ತಪ್ಪಿದವನು ನೇರ ಚಾಟರ್ ಒಳಗೇ ಹೋಗಿ ಬೀಳುತ್ತಾನೆ. ಹ್ಯಾಮರ್‌ಗೆ ಮೆತ್ತನೆಯ ತುದಿ ಹಾಕಿದ್ದರೆ ಮೇಲಿನ ಆವೃತ್ತಿಗಳಿಗೆ ಶಕ್ತಿಯೇ ಮುಟ್ಟುವುದಿಲ್ಲ. ತಟ್ಟಿದ್ದು ಒಂದೇ ಸಲ ಅನಿಸಿದರೂ ಟೂಲ್ ಹಿಂದಕ್ಕೆ ಚಿಮ್ಮಿ ಹ್ಯಾಮರ್‌ಗೆ ಮತ್ತೊಮ್ಮೆ ತಾಗಿರುತ್ತದೆ. ಬಲದ ಸಿಗ್ನಲ್‌ನಲ್ಲಿ ಎರಡನೇ ಮೊನೆ ಕಂಡರೆ ಆ ಹೊಡೆತವನ್ನು ಎಸೆಯಬೇಕು, ಕೋಹೆರೆನ್ಸ್ (ತಟ್ಟಿದ ಬಲಕ್ಕೂ ಅಳೆದ ಅದುರಿಗೂ ಇರುವ ಹೊಂದಾಣಿಕೆಯ ಅಳತೆ) ಕುಸಿದ ಕಡೆ ಬಂದ ಅಂಕಿಯನ್ನು ನಂಬಬಾರದು. ಇನ್ನು ಓವರ್‌ಹ್ಯಾಂಗ್. ಬಾಗುವುದು ಟೂಲ್ ಒಂದೇ ಎಂದುಕೊಂಡರೆ, ಹೋಲ್ಡರ್‌ನಿಂದ ಹೊರಚಾಚಿದ ಉದ್ದ ಶೇಕಡಾ 10 ಹೆಚ್ಚಿದರೆ ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಶೇಕಡಾ 33 ಹೆಚ್ಚುತ್ತದೆ. ಟೂಲ್ ಬಿಚ್ಚಿ ಮತ್ತೆ ಕಟ್ಟಿದ ಮೇಲೆ ಹಳೆಯ ಡೇಟಾ ನಡೆಯುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಯಂತ್ರದ ಪಕ್ಕ ನಿಂತವರೇ.

ಸಮೀಕರಣ ಬಿಡಿಸುವ ಪ್ರೋಗ್ರಾಂಗೆ ಇದರ ಗೊಡವೆ ಇಲ್ಲ. 800 ಕೊಟ್ಟರೂ 760 ಕೊಟ್ಟರೂ ಅಷ್ಟೇ ಅಂದವಾದ ಲೋಬ್‌ಗಳನ್ನು ಬಿಡಿಸಿಕೊಡುತ್ತದೆ. ಚಾಟರ್ ಪೇಪರ್‌ಗಳು ರಿವ್ಯೂಗೆ ಬಂದಾಗ ನಾನಂತೂ ಗಣಿತಕ್ಕಿಂತ ಮೊದಲು ಈ ಅಳತೆಯ ಭಾಗವನ್ನೇ ಓದುತ್ತೇನೆ.

ಈಗ ಲೆಕ್ಕಗಳಿಗೆ ಬರೋಣ. ಪೂರ್ಣ ಎಣಿಕೆಯಲ್ಲಿ ನಾಲ್ವರಿಗೂ ಒಂದೊಂದು ಪೇಪರ್. ಭಾಗಶಃ ಎಣಿಕೆಯಲ್ಲಿ ತಲಾ 0.25. ಹಾರ್ಮೋನಿಕ್ ಎಣಿಕೆಯಲ್ಲಿ ಹೆಸರಿನ ಸ್ಥಾನಕ್ಕೆ ತಕ್ಕಂತೆ 1, 1/2, 1/3, 1/4ರ ಅನುಪಾತದಲ್ಲಿ ಹಂಚುತ್ತಾರೆ: ಮೊದಲಿನವರಿಗೆ 0.48, ಆಮೇಲೆ 0.24, ನಿಮಗೆ 0.16, ಕೊನೆಯವರಿಗೆ 0.12. ಕೊನೆಯವರು ನಿಮ್ಮ ಗೈಡ್ ಆಗಿದ್ದರೆ ಈ ಲೆಕ್ಕ ತೋರಿಸಿ ನೋಡಿ, ಅವರ ಮುಖದಲ್ಲೇ ಉತ್ತರ ಸಿಗುತ್ತದೆ. ಎಂಜಿನಿಯರಿಂಗ್‌ನಲ್ಲಿ ಕೊನೆಯ ಹೆಸರು ಎಷ್ಟೋ ಸಲ ಲ್ಯಾಬ್ ನಡೆಸುವವರದ್ದು. ಗಣಿತದಲ್ಲಿ ಹೆಸರುಗಳನ್ನು ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮದಲ್ಲಿ ಹಾಕುತ್ತಾರೆ. ಸ್ಥಾನದ ಅರ್ಥ ಕ್ಷೇತ್ರದಿಂದ ಕ್ಷೇತ್ರಕ್ಕೆ ಬದಲಾದರೂ ಸೂತ್ರ ಬದಲಾಗುವುದಿಲ್ಲ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಮುಂದಿಟ್ಟ ಎಚ್-ಇಂಡೆಕ್ಸ್ (ಕನಿಷ್ಠ h ಸಲ ಉಲ್ಲೇಖಗೊಂಡ h ಪೇಪರ್ ಇದ್ದರೆ ಅಂಕಿ h) ಸ್ಥಾನವನ್ನೂ ನೋಡುವುದಿಲ್ಲ, ಎಷ್ಟು ಜನ ಇದ್ದಾರೆಂದೂ ನೋಡುವುದಿಲ್ಲ. 2015ರಲ್ಲಿ ಹಿಗ್ಸ್ ಕಣದ ರಾಶಿಯ ಬಗ್ಗೆ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಒಟ್ಟಾಗಿ ಪ್ರಕಟಿಸಿದ ಪೇಪರ್‌ಗೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಹೆಸರು, ಸಂಸ್ಥೆಗಳ ಪಟ್ಟಿ. ಪೂರ್ಣ ಎಣಿಕೆಯಲ್ಲಿ ಅವರಲ್ಲಿ ಪ್ರತಿಯೊಬ್ಬರ ಖಾತೆಗೂ ಒಂದು ಇಡೀ ಪೇಪರ್.

ಉಲ್ಲೇಖಗಳ ಎಣಿಕೆಯೂ ಹೀಗೇ ಕುರುಡು. ಅದಕ್ಕೆ ನಮ್ಮ ಚಾಟರ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಯಂತ್ರ ಕೆಲಸಗಾರನ ಮುಂದಿರುವ ಸಮಸ್ಯೆಗಳಲ್ಲೆಲ್ಲ ಅತ್ಯಂತ ನಿಗೂಢವಾದದ್ದು ಇದೇ ಎಂದು ಅಮೆರಿಕದ ಎಂಜಿನಿಯರ್ ಎಫ್. ಡಬ್ಲ್ಯೂ. ಟೇಲರ್ 1907ರಷ್ಟು ಹಿಂದೆಯೇ ಬರೆದಿದ್ದ. 1950–60ರ ದಶಕದಲ್ಲಿ ಸಂಶೋಧಕರಾದ ಟೊಬಿಯಾಸ್ ಒಂದು ಕಡೆ, ಟ್ಲುಸ್ಟಿ ಮತ್ತು ಪೊಲಾಚೆಕ್ ಇನ್ನೊಂದು ಕಡೆ ಅಲೆಯ ಮೇಲಿನ ಅಲೆಯೇ ಕಾರಣ ಎಂಬುದನ್ನು ಸಿದ್ಧಾಂತವಾಗಿ ಕಟ್ಟಿದರು. 1965ರಲ್ಲಿ ಮೆರಿಟ್ ಅದನ್ನು ಫೀಡ್‌ಬ್ಯಾಕ್ ಲೂಪ್ ಆಗಿ ಬಿಡಿಸಿ ತೋರಿಸಿದ. 1995ರಲ್ಲಿ ಅಲ್ಟಿಂಟಾಸ್ ಮತ್ತು ಬುಡಾಕ್ ಮಿಲ್ಲಿಂಗ್‌ನ ಲೋಬ್‌ಗಳನ್ನು ನೇರ ಸೂತ್ರದಿಂದ ಲೆಕ್ಕ ಹಾಕುವ ದಾರಿ ಕೊಟ್ಟರು. ಆಮೇಲೆ ಇನ್‌ಸ್ಪರ್ಗರ್ ಮತ್ತು ಸ್ಟೆಪಾನ್‌ರ ಸೆಮಿ-ಡಿಸ್ಕ್ರೆಟೈಸೇಶನ್ ಎಂಬ ಲೆಕ್ಕದ ವಿಧಾನ ಬಂತು. ಇಂದು ವಿದ್ಯಾರ್ಥಿಗಳು 1995ರ ಪೇಪರ್ ಉಲ್ಲೇಖಿಸಿ ಮುಂದೆ ಸಾಗುತ್ತಾರೆ. ನಾನು ಮೇಲೆ ಬಳಸಿದ, 60ರಿಂದ ಗುಣಿಸುವ ಆ ಸಣ್ಣ ಸೂತ್ರಕ್ಕಂತೂ ಯಾರೂ ಯಾರನ್ನೂ ಉಲ್ಲೇಖಿಸುವುದಿಲ್ಲ. ಕೆಲಸ ಎಲ್ಲರ ಬಾಯಲ್ಲೂ ಬೆರೆತುಹೋದ ಮೇಲೆ ಹೆಸರು ಉದುರಿಹೋಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಎಂದೋ ಗುರುತಿಸಿದ್ದ. ಹೆಚ್ಚು ಬಳಕೆಯಾದದ್ದೇ ಕಡಿಮೆ ಉಲ್ಲೇಖವಾಗುವ ಹಂತವೂ ಬರುತ್ತದೆ ಅಂದಮೇಲೆ ಆ ಅಂಕಿಯನ್ನು ಎಷ್ಟು ನಂಬುವುದು?

ಇವೆಲ್ಲ ಮನ್ನಣೆ ಹಂಚುವ ಲೆಕ್ಕಗಳು. ಲೇಖಕತ್ವ ಎಂದರೆ ಉತ್ತರ ಕೊಡುವ ಹೊಣೆ ಎಂದು ನಾನು ತಿಳಿದಿದ್ದೇನೆ. ನಾಳೆ ರಿವ್ಯೂವರ್ "ಈ 800 ಹೇಗೆ ಬಂತು, ಸ್ಪಿಂಡಲ್ (ಟೂಲ್ ಹಿಡಿದು ತಿರುಗಿಸುವ ದಂಡ) ತಿರುಗುವಾಗಲೂ ಅಷ್ಟೇ ಇರುತ್ತದೆಯೇ?" ಎಂದು ಕೇಳಿದರೆ ನಾಲ್ವರಲ್ಲಿ ಉತ್ತರ ಬರೆಯುವವರು ಯಾರು? ನೀವಾದರೆ, ಆ ಅಂಕಿಗೆ ಲೇಖಕರು ನೀವೇ. ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಯಾರೋ ಗುರುತು ಹಾಕಿಕೊಟ್ಟ ಜಾಗದಲ್ಲಿ ಹೇಳಿದಷ್ಟು ಸಲ ತಟ್ಟಿ ಫೈಲ್ ಕಳಿಸಿದ್ದಷ್ಟೇ ಆಗಿದ್ದರೆ, ಕರಡನ್ನು ಓದಿಯೂ ಇಲ್ಲವಾದರೆ, ಕೃತಜ್ಞತೆಯ ಸಾಲೇ ಸರಿಯಾದ ಜಾಗ.

ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಸಮಿತಿ, ಅಂದರೆ ಐಸಿಎಂಜೆಇ, ಇಟ್ಟಿರುವ ನಾಲ್ಕು ಷರತ್ತುಗಳ ತಾತ್ಪರ್ಯವೂ ಹೆಚ್ಚುಕಡಿಮೆ ಇದೇ: ಗಣನೀಯ ಕೆಲಸ, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ, ಹೊಣೆ. ನಾಲ್ಕೂ ಇರಬೇಕು. ಅದರಲ್ಲೇ ಇರುವ ಒಂದು ಮಾತು ನಿಮ್ಮಂಥವರಿಗೆ ಉಪಯೋಗಕ್ಕೆ ಬರುತ್ತದೆ: ಕರಡು ತೋರಿಸದೆ ಇಟ್ಟು, "ನೀನು ಬರೆಯಲೇ ಇಲ್ಲವಲ್ಲ" ಎಂದು ಒಬ್ಬರನ್ನು ಹೊರಗಿಡಲು ಈ ಷರತ್ತುಗಳನ್ನು ಬಳಸುವಂತಿಲ್ಲ.

ಸ್ಥಾನಕ್ಕಾಗಿ ಜಗಳಕ್ಕಿಳಿಯುವುದು ನನ್ನ ದೃಷ್ಟಿಯಲ್ಲಿ ದಂಡ. ಬಹಳಷ್ಟು ಜರ್ನಲ್‌ಗಳು ಈಗ ಕ್ರೆಡಿಟ್ ಎಂಬ ಪಟ್ಟಿಯ ಪ್ರಕಾರ, ಯಾರು ಏನು ಮಾಡಿದರು ಎಂದು 14 ಪಾತ್ರಗಳಲ್ಲಿ ಬರೆಯಿಸುತ್ತವೆ. ನಿಮ್ಮ ಹೆಸರಿನ ಮುಂದೆ "ಇನ್ವೆಸ್ಟಿಗೇಶನ್" (ಪ್ರಯೋಗ ನಡೆಸುವುದು) ಒಂದೇ ಹಾಕಿ ಮುಗಿಸುವ ಸಾಧ್ಯತೆ ಹೆಚ್ಚು. ಸೆನ್ಸರ್ ಯಾವುದು, ಹ್ಯಾಮರ್ ತುದಿ ಯಾವುದು, ಯಾವ ಹೊಡೆತ ಎಸೆಯಬೇಕು ಎಂದು ನಿರ್ಧರಿಸಿದವರು ನೀವಾದರೆ "ಮೆಥಡಾಲಜಿ" ಕೇಳಿ. ಲೋಬ್ ನಕ್ಷೆಯನ್ನು ಕಟಿಂಗ್ ಪ್ರಯೋಗದಿಂದ ಪರೀಕ್ಷಿಸಿದವರು ನೀವಾದರೆ "ವ್ಯಾಲಿಡೇಶನ್" ಕೂಡ. ಅಳತೆಯ ವಿಭಾಗದ ಮೊದಲ ಕರಡನ್ನು ನೀವೇ ಬರೆದು ಕಳಿಸಿ, ಆಗ ಬರವಣಿಗೆಯ ಪಾತ್ರವೂ ತಾನಾಗಿ ಬರುತ್ತದೆ. ಇದನ್ನೆಲ್ಲ ಪೇಪರ್ ಕಳಿಸುವ ಮೊದಲೇ ಇಮೇಲ್‌ನಲ್ಲಿ ಕೇಳಿಬಿಡಿ. ಒಮ್ಮೆ ಸ್ವೀಕಾರವಾದ ಮೇಲೆ ಲೇಖಕರ ಪಟ್ಟಿಯಲ್ಲಿ ಏನೇ ಬದಲಿಸಬೇಕೆಂದರೂ ಜರ್ನಲ್ ಕಾರಣ ಕೇಳುತ್ತದೆ, ಎಲ್ಲರ ಲಿಖಿತ ಒಪ್ಪಿಗೆ ಕೇಳುತ್ತದೆ, ಮತ್ತು ಅಷ್ಟು ಹೊತ್ತಿಗೆ ಸಹಿ ಹಾಕುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ.