ಟ್ರೇಲರ್ ಮನೆ ಮುಂದೆ ನಿಂತಿದೆ, ಯಜಮಾನರು ಇನ್ನೂ ದಾರಿಯಲ್ಲೇ ಇದ್ದಾರೆ

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಕಾರಿನ ಹಿಂದೆ ಟ್ರೇಲರ್ (ಚಕ್ರದ ಮೇಲಿನ ಪುಟ್ಟ ಮನೆ ಅನ್ನಿ) ಕಟ್ಟಿಕೊಂಡು ತಿಂಗಳುಗಟ್ಟಲೆ ಸುತ್ತಿ ಕಳೆದ ವಾರ ಮನೆಗೆ ಬಂದೆವು. ದಾರಿಯಲ್ಲಿ ಸಣ್ಣಪುಟ್ಟ ಜಗಳ ಬಿಟ್ಟರೆ ಚೆನ್ನಾಗೇ ಇದ್ದೆವು. ತಾಪತ್ರಯ ಶುರುವಾಗಿದ್ದು ಮನೆಗೆ ಬಂದ ಮೇಲೆ. ನನಗೆ ನನ್ನ ಹಾಸಿಗೆ, ನನ್ನ ಬಚ್ಚಲು ಸಿಕ್ಕಿತೆಂದು ಖುಷಿ. ಅವರಿಗೆ ಮನೆಯೊಳಗೆ ಕಾಲೇ ನಿಲ್ಲುತ್ತಿಲ್ಲ. ಸುಮ್ನೆ ಹೋಗಿ ಟ್ರೇಲರ್‌ನಲ್ಲಿ ಕೂರುತ್ತಾರೆ, ಮನೆ ಮಾರಿ ಅದರಲ್ಲೇ ಇದ್ದುಬಿಡೋಣ ಅನ್ನುತ್ತಾರೆ. ಅದರೊಳಗಿನ ಸಾಮಾನು ಹಾಗೇ ಬಿದ್ದಿದೆ, ವಾಸನೆ ಬೇರೆ. ಯಾವುದನ್ನು ಮೊದಲು ಸರಿಮಾಡಲಿ, ಅವರನ್ನೋ ಟ್ರೇಲರನ್ನೋ?
– ಹೆಸರು ಬೇಡ

ಉತ್ತರ: ಟ್ರೇಲರನ್ನೇ. ಯಜಮಾನರು ಇನ್ನೊಂದು ವಾರ ಹೀಗೇ ಇದ್ದರೂ ಕೆಡುವುದಿಲ್ಲ, ಟಾಯ್ಲೆಟ್ ಟ್ಯಾಂಕ್ ಹಾಗಲ್ಲ. ಅದನ್ನು ಖಾಲಿ ಮಾಡದೆ ನಿಲ್ಲಿಸಿದ್ದರೆ ನೀರಿನಂಶ ಆರಿ ಉಳಿದದ್ದು ತಳಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಯಾವ ಔಷಧಿ ಸುರಿದರೂ ಬಿಡಿಸುವುದು ಕಷ್ಟ. ಅದಕ್ಕೆಂದೇ ಇರುವ ಜಾಗಕ್ಕೆ ಒಯ್ದು ಮೊದಲು ಟಾಯ್ಲೆಟ್ ಟ್ಯಾಂಕ್, ಆಮೇಲೆ ಸ್ನಾನ-ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬಿಡಿ. ಈ ಸೋಪಿನ ನೀರೇ ಹೋಸನ್ನು ತೊಳೆದುಕೊಂಡು ಹೋಗುತ್ತದೆ.

ಟ್ಯಾಂಕ್ ಖಾಲಿ ಇದ್ದೂ ವಾಸನೆ ಇದ್ದರೆ ಫ್ರಿಜ್ ನೋಡಿ. ಆಫ್ ಮಾಡಿ ಬಾಗಿಲು ಮುಚ್ಚಿಟ್ಟರೆ ಒಳಗೆ ಬೂಷ್ಟು ಬಂದೇ ಬರುತ್ತದೆ. ಒರೆಸಿ, ಮಧ್ಯೆ ಒಂದು ಟವೆಲ್ ಸಿಕ್ಕಿಸಿ ಬಾಗಿಲು ಅರ್ಧ ತೆರೆದಿಡಿ. ಹಾಸಿಗೆಯನ್ನೂ ಎತ್ತಿ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಇಬ್ಬರು ಮಲಗಿದರೆ ರಾತ್ರಿಯ ಉಸಿರು, ಬೆವರಿನ ತೇವ ಹಾಸಿಗೆಗೆ ಇಳಿದು ಕೆಳಗಿನ ತಣ್ಣಗಿನ ಹಲಗೆಯ ಮೇಲೆ ನೀರಾಗಿ ಕೂರುತ್ತದೆ. ಹಲಗೆಯ ಮೂಲೆಯಲ್ಲಿ ಕಪ್ಪು ಚುಕ್ಕಿ ಕಂಡಿತೋ, ಅದು ಬೂಷ್ಟು. ಹಾಸಿಗೆಯನ್ನು ಗೋಡೆಗೆ ಒರಗಿಸಿ ಗಾಳಿ ಆಡಲು ಬಿಡಿ. ಮಳೆಯಲ್ಲಿ ನೆನೆದಿದ್ದ ಹೊರಗಿನ ನೆರಳುಬಟ್ಟೆಯನ್ನು ಹಾಗೇ ಸುತ್ತಿಟ್ಟಿದ್ದರೆ ಬಿಚ್ಚಿ ಒಣಗಿಸಿ. ತಿಂಡಿಯ ಚೂರು ಒಂದೂ ಉಳಿಯಬಾರದು, ಇಲಿಗೆ ಅಷ್ಟು ಸಾಕು. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಕನೆಕ್ಷನ್ ತೆಗೆಯಿರಿ. ಎಲ್ಲ ಸ್ವಿಚ್ ಆರಿಸಿದ್ದರೂ ಗ್ಯಾಸ್ ಸೋರಿಕೆ ಹೇಳುವ ಅಲಾರಂ ಒಂದೇ ಅದನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತಿರುತ್ತದೆ.

ಇಷ್ಟೆಲ್ಲ ಓದಿ ನೀವೊಬ್ಬರೇ ಟೊಂಕ ಕಟ್ಟಿ ಒಳಗೆ ನುಗ್ಗಬೇಡಿ. ಇದು ಅವರ ಕೆಲಸ ಆಗಲಿ. ದಾರಿಯಲ್ಲಿ ಅವರಿಗೆ ಕೈತುಂಬ ಕೆಲಸ ಇತ್ತು, ಅಲ್ವಾ? ಟ್ರೇಲರ್ ಕೊಂಡಿ ಹಾಕಬೇಕು, ಚಕ್ರಕ್ಕೆ ಅಡ್ಡ ಕೊಡಬೇಕು, ನೀರು ತುಂಬಿಸಬೇಕು, ರಾತ್ರಿ ಎಲ್ಲಿ ನಿಲ್ಲಿಸುವುದೆಂದು ಮಧ್ಯಾಹ್ನವೇ ಯೋಚಿಸಬೇಕು. ಮನೆಗೆ ಬಂದರೆ ಇದ್ಯಾವುದೂ ಇಲ್ಲ, ನಲ್ಲಿ ತಿರುಗಿಸಿದರೆ ನೀರು. ನಿಮಗೆ ಮನೆ ಎಂದರೆ ಆರಾಮ, ಅವರಿಗೆ ಕೆಲಸ ಹೋದ ಹಾಗೆ. ಕಾಲು ನಿಲ್ಲದಿರುವುದು ಅದಕ್ಕೇ ಇರಬೇಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲಬೇಕಿತ್ತು, ಮುನಿಸಿಕೊಂಡರೂ ಮುಖ ತಿರುಗಿಸಲು ಜಾಗ ಇರಲಿಲ್ಲ, ಹಾಗಾಗಿ ಜಗಳ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಈಗ ನೀವು ಒಂದು ಕೋಣೆ, ಅವರು ಇನ್ನೊಂದು ಕೋಣೆ. ಅವರಿಗೆ ಬೇಕಾಗಿರುವುದು ಟ್ರೇಲರ್ ಅಲ್ಲದೆಯೂ ಇರಬಹುದು. ಸಂಜೆ ನೀವೂ ಹೋಗಿ ಒಂದಿಷ್ಟು ಹೊತ್ತು ಅಲ್ಲಿ ಕೂತು ನೋಡಿ, ಬೂಷ್ಟಿನ ಮಾತು ಮಾತ್ರ ತೆಗೆಯಬೇಡಿ.

ಮನೆ ಮಾರುವ ವಿಷಯಕ್ಕೆ ಈಗ ಹೂಂ ಅನ್ನಬೇಡಿ, ಉಹೂಂ ಅಂತಲೂ ಅನ್ನಬೇಡಿ. ಒಂದು ಹಾಳೆ ಕೊಟ್ಟು ಬರೆಯಲು ಹೇಳಿ: ಬ್ಯಾಂಕಿಗೆ ಯಾವ ವಿಳಾಸ ಕೊಡುವುದು, ಜ್ವರ ಬಂದರೆ ಯಾವ ಡಾಕ್ಟರು, ಟ್ರೇಲರ್ ರಿಪೇರಿಗೆ ಹೋದ ದಿನ ಮಲಗುವುದೆಲ್ಲಿ. ಮೂರಕ್ಕೂ ಸರಿಯಾದ ಉತ್ತರ ಬಂದರೆ ಅವರು ನಿಜವಾಗಿಯೂ ಯೋಚಿಸಿದ್ದಾರೆ ಎಂದರ್ಥ. ಆಗ ಕೂತು ಮಾತಾಡಿ.

ಪ್ರಶ್ನೆ: ತುಂಬ ದಿನ ಬೀಗ ಹಾಕಿದ್ದ ಮನೆ. ಬಾಗಿಲು ತೆಗೆದರೆ ಬಚ್ಚಲಿನಿಂದ ಚರಂಡಿ ವಾಸನೆ. ಪೈಪ್ ಒಡೆದಿದೆ ಅನ್ನುತ್ತಾಳೆ ನನ್ನ ಹೆಂಡತಿ. ಹೌದಾ?
– ಒಬ್ಬ ಓದುಗ

ಉತ್ತರ: ಒಡೆದಿರಲಿಕ್ಕಿಲ್ಲ. ಬಚ್ಚಲ ಕಿಂಡಿಯ ಕೆಳಗೆ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತು ಕೆಳಗಿನ ಗಾಳಿಯನ್ನು ತಡೆಯುತ್ತದೆ. ಬಳಸದಿದ್ದರೆ ಆ ನೀರು ಆರಿ ದಾರಿ ತೆರೆದುಕೊಳ್ಳುತ್ತದೆ. ಎರಡು ಚೆಂಬು ನೀರು ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಹೋಗದಿದ್ದರೆ ಪ್ಲಂಬರ್ ಕರೆಯಿರಿ. ಅದಕ್ಕಿಂತ ಜಾಸ್ತಿ ಗಮನ ಬೇಕಿರುವುದು ನಲ್ಲಿಗಳಿಗೆ. ನಿಂತ ನೀರಿನಲ್ಲಿ, ಅದರಲ್ಲೂ 20ರಿಂದ 45 ಡಿಗ್ರಿಯಲ್ಲಿ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಸೇರಿದ ನೀರಿನ ಸಣ್ಣ ಹನಿ ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು. ಹಾಗಾಗಿ ಬಂದ ತಕ್ಷಣ ಶವರ್ ಕೆಳಗೆ ನಿಲ್ಲಬೇಡಿ. ಕಿಟಕಿ ತೆರೆದು, ಬಿಸಿ-ತಣ್ಣೀರು ಎರಡೂ ನಲ್ಲಿಗಳನ್ನು ಕೆಲವು ನಿಮಿಷ ನಿಧಾನವಾಗಿ ಬಿಡಿ, ನೀರು ಸಿಡಿಯದ ಹಾಗೆ.

ಪ್ರಶ್ನೆ: ಪ್ರವಾಸ ಚೆನ್ನಾಗಿತ್ತು, ಆದರೆ ದಿನಾ ಸಂಜೆ ಟ್ರೇಲರ್ ರಿವರ್ಸ್ ಹಾಕುವಾಗ ನಮ್ಮಿಬ್ಬರಿಗೂ ಜಗಳ, ಅದೂ ಪಕ್ಕದವರೆಲ್ಲ ನೋಡುವಾಗ. ಮುಂದಿನ ಸಲ ನಾನು ಬರುವುದೇ ಇಲ್ಲ ಅಂದಿದ್ದೇನೆ.
– ಹೆಸರು ಬೇಡ

ಉತ್ತರ: ಬನ್ನಿ, ಬನ್ನಿ. "ಬಲಕ್ಕೆ" ಅಂತ ನೀವು ಕೂಗುತ್ತೀರಿ, ಸ್ಟೀರಿಂಗ್ ಬಲಕ್ಕಾ ಟ್ರೇಲರ್ ಬಲಕ್ಕಾ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಹಿಂದಕ್ಕೆ ಹೋಗುವಾಗ ಎರಡೂ ಉಲ್ಟಾ ಅಲ್ವಾ! ಅವರು ಸ್ಟೀರಿಂಗ್‌ನ ಕೆಳತುದಿಯನ್ನು ಹಿಡಿಯಲಿ. ಆ ಕೈ ಬಲಕ್ಕೆ ಸರಿದರೆ ಟ್ರೇಲರ್ ಹಿಂಭಾಗವೂ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ನೀವು ಟ್ರೇಲರ್ ಹೋಗಬೇಕಾದ ದಿಕ್ಕನ್ನು ಕೈಯಲ್ಲಿ ತೋರಿಸಿ, ಕೂಗಬೇಡಿ. ಅವರ ಕನ್ನಡಿಯಲ್ಲಿ ನೀವು ಕಾಣದೆ ಹೋದ ತಕ್ಷಣ ಅವರು ಗಾಡಿ ನಿಲ್ಲಿಸಬೇಕು, ಇದನ್ನು ಹೊರಡುವ ಮೊದಲೇ ಒಪ್ಪಿಕೊಂಡಿರಲಿ. ಈಗ ಮನೆಯಲ್ಲೇ ಇದ್ದೀರಲ್ಲ, ಯಾವುದಾದರೂ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಸಾಧ್ಯವಾದರೆ ಒಂದು ದಿನ ನೀವು ಓಡಿಸಿ, ಅವರು ಹಿಂದೆ ನಿಂತು ಕೈ ತೋರಿಸಲಿ.