ಒಂದು ವರ್ಷ ತಡೆದು ಸೇರುವುದೇ: ಕಾನೂನು ಪದವಿಯ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸಿದ್ದೇನೆ.

ವಿರಾಜಪೇಟೆ ಕಡೆಯ 18 ವರ್ಷದ ಯುವತಿಯೊಬ್ಬಳು ಜೂನ್ ತಿಂಗಳ ಮಳೆಯಲ್ಲಿ ತಾಯಿಯೊಂದಿಗೆ ನನ್ನ ಬಳಿ ಬಂದಳು. ಹಿಂದಿನ ಡಿಸೆಂಬರಿನಲ್ಲಿ ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆದು, ಹೊರರಾಜ್ಯದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ 5 ವರ್ಷಗಳ ಬಿ.ಎ., ಎಲ್‌ಎಲ್‌.ಬಿ. ಸೀಟು ಪಡೆದಿದ್ದಳು. ಏಪ್ರಿಲಿನಲ್ಲಿ ತಂದೆಗೆ ಪಾರ್ಶ್ವವಾಯು ಬಡಿದಿತ್ತು. ಮನೆಯಲ್ಲಿ ಆರು ಎಕರೆ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಒಳ್ಳೆಮೆಣಸು, ಹೈಸ್ಕೂಲಿಗೆ ಹೋಗುವ ತಮ್ಮ. “ಈ ವರ್ಷ ತೋಟ ನೋಡಿಕೊಂಡು ಬರುವ ವರ್ಷ ಸೇರುತ್ತೇನೆ ಮೇಡಂ” ಎಂಬ ತೀರ್ಮಾನದೊಂದಿಗೇ ಆಕೆ ಬಂದಿದ್ದಳು. ತಾಯಿ ಅಂದು ಏನೂ ಮಾತನಾಡಲಿಲ್ಲ.

ಸಿಕ್ಕ ಸೀಟನ್ನು ಕಾಯ್ದಿರಿಸಿಕೊಂಡು ತಡವಾಗಿ ಸೇರುವುದು ಬೇರೆ, ಅದನ್ನು ಬಿಟ್ಟು ಮತ್ತೆ ಪರೀಕ್ಷೆ ಬರೆಯುವುದು ಬೇರೆ. ಇವೆರಡೂ ಆಕೆಯ ಮನಸ್ಸಿನಲ್ಲಿ ಒಂದೇ ಆಗಿದ್ದವು. ಕ್ಲಾಟ್ ರ‍್ಯಾಂಕ್ ಆಯಾ ವರ್ಷದ ಪ್ರವೇಶಕ್ಕೆ ಮಾತ್ರ ಸಲ್ಲುವುದರಿಂದ, ವಿಶ್ವವಿದ್ಯಾಲಯ ಲಿಖಿತ ಅನುಮತಿ ಕೊಡದ ಹೊರತು ‘ಬರುವ ವರ್ಷ’ ಎಂದರೆ ಮರುಪರೀಕ್ಷೆಯೇ. ತಂದೆಯ ವೈದ್ಯಕೀಯ ದಾಖಲೆಗಳನ್ನು ಲಗತ್ತಿಸಿ ಕುಲಸಚಿವರಿಗೆ ಬರೆಯಲು ಹೇಳಿದೆ. ಸೀಟು ಕಾಯ್ದಿರಿಸಲಾಗದು ಎಂಬ ಉತ್ತರ ಬಂತು.

ಕ್ಲಾಟ್ ನಡೆಯುವುದು ಡಿಸೆಂಬರ್ ಆರಂಭದಲ್ಲಿ. ಕೊಡಗಿನಲ್ಲಿ ಅದು ಅರೇಬಿಕಾ ಕೊಯ್ಲಿನ ನಡುಗಾಲ; ಆಳುಗಳನ್ನು ಹೊಂದಿಸಬೇಕು, ಕಣದಲ್ಲಿ ಹರವಿದ ಕಾಫಿಯನ್ನು ಅಕಾಲ ಮಳೆಯಿಂದ ಕಾಯಬೇಕು. 120 ಪ್ರಶ್ನೆಗಳಿಗೆ ಎರಡು ಗಂಟೆ, ಪ್ರತಿ ತಪ್ಪಿಗೆ ಕಾಲು ಅಂಕ ಕಡಿತವಿರುವ ಪರೀಕ್ಷೆಗೆ ರಾತ್ರಿ ಓದಿಕೊಳ್ಳುತ್ತೇನೆ ಎಂದಳು. ತಂದೆಯ ಒಂದು ಕೊಯ್ಲಿನ ದಿನವನ್ನು ಗಂಟೆಗಂಟೆಯಾಗಿ ಬರೆಯಲು ಹೇಳಿದೆ. ಬರೆದು ಮುಗಿಸಿ ಸುಮ್ಮನೆ ಕುಳಿತಳು.

ಮನೆಯಲ್ಲಿ ಉಳಿಯಲೇಬೇಕಾದರೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಪದವಿ ಓದಿ, ಬಳಿಕ 3 ವರ್ಷಗಳ ಎಲ್‌ಎಲ್‌.ಬಿ. ಸೇರಬಹುದು, ಒಟ್ಟು 6 ವರ್ಷ. ಒಂದು ವರ್ಷ ಬಿಟ್ಟು 5 ವರ್ಷ ಓದಿದರೂ ಅಷ್ಟೇ. ಮರುಪರೀಕ್ಷೆಗಿಂತ ಈ ದಾರಿಯೇ ಮೇಲೆಂದು ಸ್ಪಷ್ಟವಾಗಿ ಹೇಳಿದೆ.

ಆದರೆ ಎರಡನೆಯ ಭೇಟಿಯಲ್ಲಿ ನಾನು ಕೇಳಿದ್ದು ಬೇರೆ: ವರ್ಷ ಕಳೆದ ಮೇಲೆ ತೋಟ ನೋಡುವವರು ಯಾರು? ತಂದೆಯ ಬಲಗೈ ಅಷ್ಟರಲ್ಲಿ ಮೊದಲಿನಂತಾಗುತ್ತದೆಂದು ವೈದ್ಯರು ಹೇಳಿರಲಿಲ್ಲ. ಈಗ ತಡೆಯುವ ಕಾರಣ ಮುಂದಿನ ಜೂನ್‌ನಲ್ಲೂ ಹಾಗೆಯೇ ಇರುವುದಾದರೆ ಕಾಯುವುದರಿಂದ ಆಕೆಗೆ ಸಿಗುವುದೇನು? ಆಗ ತಾಯಿ ಬಾಯಿ ತೆರೆದರು: “ಉಳಿಯೆಂದು ಇವಳನ್ನು ನಾವ್ಯಾರೂ ಕೇಳಿಲ್ಲ. ಅಪ್ಪನಿಗೂ ಇವಳು ಹೋಗಬೇಕೆಂದೇ ಇದೆ. ಈ ಸಲದ ಫಸಲನ್ನು ಗುತ್ತಿಗೆಗೆ ಕೊಡುತ್ತೇವೆ.” ಮಗಳು ಬಹಳ ಹೊತ್ತು ಅತ್ತಳು. ತಂದೆಯನ್ನು ಬಿಟ್ಟುಹೋಗುವ ಅಪರಾಧಭಾವವನ್ನು ಆಕೆ ತೋಟದ ಹೆಸರಿನಲ್ಲಿ ಹೊತ್ತಿದ್ದಳೆಂದು ನನಗೆ ತಿಳಿದದ್ದು ಆಗಲೇ. ಮೊದಲ ದಿನವೇ ತಾಯಿಯನ್ನು ಮಾತಾಡಿಸಬೇಕಿತ್ತು.

ಸೇರುವಂತೆ ಸಲಹೆ ಕೊಟ್ಟೆ. ತಂದೆಯ ಸ್ಥಿತಿ ಬಿಗಡಾಯಿಸಿದರೆ, ದಾಖಲಾದ ವಿದ್ಯಾರ್ಥಿನಿಯಾಗಿ ರಜೆಯನ್ನೋ ವಿನಾಯಿತಿಯನ್ನೋ ಕೇಳಬಹುದು. ಸೇರದವಳಿಗೆ ಆ ದಾರಿಯೂ ಇಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಶೇ. 70 ಹಾಜರಿ ಬೇಕಾದ್ದರಿಂದ ಊರಿಗೆ ಬರುವ ದಿನಗಳನ್ನು ಮೊದಲೇ ಲೆಕ್ಕಹಾಕಿಕೊಳ್ಳಲು, ತಂದೆಯೊಂದಿಗೆ ದಿನವೂ ನಿಗದಿತ ಹೊತ್ತಿಗೆ ಫೋನಿನಲ್ಲಿ ಮಾತನಾಡಲು ತಿಳಿಸಿದೆ.

ಜುಲೈ ಕೊನೆಯಲ್ಲಿ ಆಕೆ ಹೊರಟಳು. ರೊಬಸ್ಟಾ ಫಸಲನ್ನು ಮಾತ್ರ ಗುತ್ತಿಗೆಗೆ ಕೊಟ್ಟು, ಅರೇಬಿಕಾವನ್ನು ತಾಯಿಯೇ ನಿಂತು ಕೊಯ್ಯಿಸಿದರು.