‘ಆ್ಯಸ್ ಈಸ್’ ಮನೆಗೆ ಸಹಿ ಹಾಕಿ ಆಯ್ತು, ಈಗ ರೇಟು ಇಳಿಸಿ ಅನ್ನಬಹುದಾ?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ. 1974ರ ಮನೆಯೊಂದನ್ನು ‘ಆ್ಯಸ್ ಈಸ್’, ಅಂದರೆ ಇದ್ದ ಹಾಗೇ ಕೊಳ್ಳಲು ಕರಾರು ಆಗಿದೆ. ಇನ್‌ಸ್ಪೆಕ್ಷನ್ ಮಾಡಿಸಿದರೆ ನೆಲದಡಿಯ ಎರಕದ ಕಬ್ಬಿಣದ ಡ್ರೈನೇಜ್ ಪೈಪ್ ತುಕ್ಕು ಹಿಡಿದು ಒಡೆದಿದೆ. ರಿಪೇರಿಗೆ 14,000 ಡಾಲರ್. ಮಾರುವವರ ಏಜೆಂಟ್ ‘ಈಗ ಏನೂ ಕೇಳುವ ಹಾಗಿಲ್ಲ’ ಅನ್ನುತ್ತಿದ್ದಾರೆ. ಆಪ್ಶನ್ ಪೀರಿಯಡ್, ಅಂದರೆ ಕಾರಣ ಕೊಡದೆ ಕರಾರು ಕೈಬಿಡಬಹುದಾದ ಅವಧಿ, ಇನ್ನು ಮೂರೇ ದಿನ.

ಉತ್ತರ: ಧಾರಾಳವಾಗಿ ಕೇಳಿ. ನಿಮ್ಮ ಕರಾರು ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ನಿನ ಫಾರ್ಮಿನಲ್ಲೇ ಆಗಿದ್ದರೆ 7ನೇ ಪ್ಯಾರಾ ಓದಿ. ‘ಆ್ಯಸ್ ಈಸ್’ ಅಂತ ಒಪ್ಪಿದ ಮಾತ್ರಕ್ಕೆ ಇನ್‌ಸ್ಪೆಕ್ಷನ್ ಮಾಡಿಸುವುದಕ್ಕಾಗಲಿ, ರಿಪೇರಿ ಬಗ್ಗೆ ಚೌಕಾಸಿಗಾಗಲಿ, ಆಪ್ಶನ್ ಪೀರಿಯಡ್‌ನಲ್ಲಿ ಕೈಬಿಡುವುದಕ್ಕಾಗಲಿ ಅಡ್ಡಿಯಿಲ್ಲ ಅಂತ ಅಲ್ಲೇ ಇದೆ. ಮಾರುವವರು ಒಪ್ಪಲೇಬೇಕು ಅಂತೇನಿಲ್ಲ, ಅಷ್ಟೇ.

ಮತ್ತೆ ಅವರು ಯಾಕೆ ಒಪ್ಪುತ್ತಾರೆ? ನೀವು ಬಿಟ್ಟು ಹೋದರೆ ನಿಮಗೆ ಹೋಗುವುದು ಆಪ್ಶನ್ ಫೀ (ಆ ಅವಧಿಗಾಗಿ ಕೊಟ್ಟ ಶುಲ್ಕ), ಇನ್‌ಸ್ಪೆಕ್ಷನ್ ಖರ್ಚು ಇಷ್ಟೇ, ಅರ್ನೆಸ್ಟ್ ಮನಿ (ಕರಾರಿಗೆ ಇಟ್ಟ ಠೇವಣಿ) ವಾಪಸ್ ಬರುತ್ತದೆ. ಅವರಿಗೆ ಹಾಗಲ್ಲ. ಪೈಪ್ ಒಡೆದಿರುವುದು ಒಮ್ಮೆ ಗೊತ್ತಾಯಿತು ಅಂದರೆ ಮುಂದೆ ಕೊಳ್ಳಲು ಬರುವವರಿಗೆ ಮನೆಯ ದೋಷಗಳನ್ನು ತಿಳಿಸುವ ಡಿಸ್‌ಕ್ಲೋಷರ್ ಫಾರ್ಮಿನಲ್ಲಿ ಅದನ್ನು ಬರೆಯಲೇಬೇಕು. ಹಾಗಾಗಿ ಸುಮ್ನೆ ‘ಜಾಸ್ತಿ ಆಯ್ತು, ಕಡಿಮೆ ಮಾಡಿ’ ಅನ್ನಬೇಡಿ. ಪೈಪಿನೊಳಗೆ ಕ್ಯಾಮೆರಾ ಬಿಟ್ಟ ವಿಡಿಯೋ ಮತ್ತು ಪ್ಲಂಬರ್ ಕೊಟ್ಟ ಕೊಟೇಶನ್ ಕಳಿಸಿ. ಮಾಸಿದ ಪೇಂಟು, ಹಳೇ ಫ್ಯಾನು ಎಲ್ಲ ಎತ್ತಬೇಡಿ, ಅದು ಕಣ್ಣಿಗೆ ಕಾಣುತ್ತಿತ್ತು ಅಲ್ವಾ?

ಇನ್ನು ಹೇಗೆ ಕೇಳುವುದು ಅನ್ನುವುದು. ಎಲ್ಲರೂ ಬೆಲೆ ಇಳಿಸಿ ಅನ್ನುತ್ತಾರೆ, ಆದರೆ 20% ಡೌನ್ ಪೇಮೆಂಟ್, 6.5% ಬಡ್ಡಿ, 30 ವರ್ಷದ ಸಾಲ ಅಂತಿಟ್ಟುಕೊಂಡರೆ, 14,000 ಇಳಿಸಿದರೂ ನಿಮ್ಮ ಕೈಯಲ್ಲಿ ಈಗ ಉಳಿಯುವುದು 2,800, ಆಮೇಲೆ ತಿಂಗಳ ಕಂತಿನಲ್ಲಿ ಸುಮಾರು 70 ಡಾಲರ್, ಪ್ಲಂಬರ್‌ಗೆ ಮಾತ್ರ ಪೂರ್ತಿ ದುಡ್ಡು ಈಗಲೇ ಬೇಕು. ಅದರ ಬದಲು ಕ್ಲೋಸಿಂಗ್ ಖರ್ಚಿಗೆ (ಮನೆ ಕೈಬದಲಾಗುವಾಗ ನೀವು ಕಟ್ಟುವ ಶುಲ್ಕಗಳು) ಮಾರುವವರಿಂದ ಕ್ರೆಡಿಟ್ ಕೇಳುವುದು ಮೇಲು, ಅಂದರೆ ಅಷ್ಟನ್ನು ನಿಮ್ಮ ಪರವಾಗಿ ಅವರೇ ಕೊಡುತ್ತಾರೆ, ನಿಮ್ಮ ದುಡ್ಡು ಪ್ಲಂಬರ್‌ಗೆ ಉಳಿಯುತ್ತದೆ. ಆದರೆ ಕ್ರೆಡಿಟ್ಟು ನಿಜವಾದ ಕ್ಲೋಸಿಂಗ್ ಖರ್ಚನ್ನು ದಾಟುವ ಹಾಗಿಲ್ಲ. ಖರ್ಚು 9,000 ಬಂದರೆ ಅಷ್ಟು ಕ್ರೆಡಿಟ್, ಉಳಿದ 5,000 ಬೆಲೆಯಲ್ಲಿ. ಸಾಲ ಕೊಡುವವರನ್ನು ಮೊದಲೇ ಕೇಳಿಕೊಳ್ಳಿ.

ಆಪ್ಶನ್ ಪೀರಿಯಡ್‌ನ ಗಡುವು ಕೊನೆಯ ದಿನ ಸಂಜೆ 5 ಗಂಟೆಗೆ. ಚೌಕಾಸಿ ನಡೀತಿದೆ ಅಂತ ಅದು ಮುಂದಕ್ಕೆ ಹೋಗುವುದಿಲ್ಲ. ಬಾಯಿಮಾತು, ವಾಟ್ಸಾಪ್ ನಂಬಬೇಡಿ, ಇಬ್ಬರ ಸಹಿಯ ತಿದ್ದುಪಡಿಯೇ ಬೇಕು. ‘ಯೋಚಿಸಿ ಹೇಳ್ತೀವಿ’ ಅಂದರೆ ಆಪ್ಶನ್ ಪೀರಿಯಡ್ ಎರಡು ದಿನ ವಿಸ್ತರಿಸಿ ಸಹಿ ಹಾಕಲು ಹೇಳಿ. ಅದೂ ಆಗಲ್ಲ ಅಂದರೆ 5 ಗಂಟೆಯೊಳಗೆ ರದ್ದತಿ ನೋಟಿಸ್ ಕಳಿಸಿ, ಇಲ್ಲವೇ ಆ 14,000 ನಿಮ್ಮ ಖರ್ಚು ಅಂತಲೇ ಲೆಕ್ಕ ಹಾಕಿಕೊಳ್ಳಿ.